ಈಗ್ತಾನೆ ಅಂಗಡಿ ತೆಗ್ದೆ ಕಣಣ್ಣ

"ಶಿರಾ ಬಸ್ಸು ಹೋಯ್ತೇನಮ್ಮ?"

"ಈಗ್ತಾನೆ ಅಂಗಡಿ ತೆಗ್ದೆ ಕಣಣ್ಣ."

ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಶಿರಾ ದಾಟಿ ಹಿರಿಯೂರಿನ ಕಡೆ ಹೊರಟರೆ ತಾವರೆಕೆರೆ ಸಿಗುತ್ತದೆ. ಅಲ್ಲಿ ಬಸ್ಸಿಗೆ ಕಾಯುತ್ತ ನಿಂತವರ ಕಿವಿಗೆ ಇಂಥ ಮಾತು ಬೀಳದ ದಿನವಿರಲಾರದು. ಕೇಳಿದ್ದು ಬಸ್ಸಿನ ಬಗ್ಗೆ, ಬಂದ ಉತ್ತರ ಅಂಗಡಿಯ ಬಗ್ಗೆ. ಆದರೂ ಕೇಳಿದವರು 'ನಾನು ಕೇಳಿದ್ದೇನು, ನೀನು ಹೇಳೋದೇನು' ಎಂದು ಜಗಳಕ್ಕೆ ನಿಲ್ಲುವುದಿಲ್ಲ. ಅಂಗಡಿ ತೆಗೆದದ್ದು ಈಗ. ಅದಕ್ಕೆ ಮುಂಚೆ ಬಸ್ಸು ಹೋಗಿದ್ದರೆ ಆಕೆ ನೋಡಿರಲಾರಳು. ಹಾಗಾಗಿ ಆಕೆಗೆ ಗೊತ್ತಿಲ್ಲ. ಬೇರೆ ಯಾರನ್ನಾದರೂ ಕೇಳಬೇಕು. ಇಷ್ಟೂ ಲೆಕ್ಕ ತಲೆಯೊಳಗೆ ಮುಗಿದು, ಕಾಲು ಆಗಲೇ ಪಕ್ಕದ ಬೀಡಾ ಅಂಗಡಿಯತ್ತ ತಿರುಗಿರುತ್ತದೆ. 'ಗೊತ್ತಿಲ್ಲ' ಎಂಬ ಪದವನ್ನು ಆಕೆ ಆಡಲೇ ಇಲ್ಲ. ಇವರಿಗೆ ಅದು ಕೇಳಿಸಿತು.

ಆಡದೇ ಬಿಟ್ಟದ್ದು ಕೇಳಿಸುವುದು ಹೇಗೆ ಎಂದು ತಲೆಕೆಡಿಸಿಕೊಳ್ಳುವ ಕವಲೊಂದು ಭಾಷಾವಿಜ್ಞಾನದಲ್ಲಿದೆ. ನಮ್ಮ ಪಂಡಿತರು ಅದನ್ನು ಸಂಕಥನದ ಅಧ್ಯಯನ ಎನ್ನುತ್ತಾರೆ. ವ್ಯಾಕರಣ ಸಾಮಾನ್ಯವಾಗಿ ಪೂರ್ಣವಿರಾಮ ಬಂದಲ್ಲಿ ಕೈತೊಳೆದುಕೊಳ್ಳುತ್ತದೆ. ಈ ಶಾಸ್ತ್ರ ಶುರುವಾಗುವುದೇ ಅಲ್ಲಿಂದ: ಒಂದು ವಾಕ್ಯ ಮುಗಿದು ಇನ್ನೊಂದು ಬಂದಾಗ ಅವೆರಡರ ನಡುವೆ ನಾವು ಏನನ್ನು ತುಂಬಿಕೊಳ್ಳುತ್ತೇವೆ? ನಮ್ಮ ಹಳೆಯ ವ್ಯಾಕರಣಗಳು ಅಷ್ಟು ದೂರ ಹೋದವಲ್ಲ. 13ನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ' ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ ಎಂದು ಪದದ ಅಂಗಾಂಗವನ್ನೆಲ್ಲ ಬಿಡಿಸಿ ನೋಡುತ್ತದೆ. ಒಂದು ವಾಕ್ಯಕ್ಕೂ ಮುಂದಿನದಕ್ಕೂ ಏನು ನಂಟು ಎಂಬುದು ಅದರ ಕಾಳಜಿಯಲ್ಲ. ಮೀಮಾಂಸಕರು ಕೊಂಚ ಮುಂದೆ ಹೋದರು. ಪದಗಳು ಕೂಡಿ ಅರ್ಥ ಕೊಡಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಬೇಕು ಎಂದರು. ವೇದದ ಬೇರೆಬೇರೆ ವಾಕ್ಯಗಳು ಯಾವಾಗ ಒಂದೇ ವಾಕ್ಯವೆಂದು ಎಣಿಸಿಕೊಳ್ಳುತ್ತವೆ ಎಂದು ಏಕವಾಕ್ಯತೆಯ ಚರ್ಚೆ ನಡೆಸಿದರು. ಶಾಲೆಯಲ್ಲಿ ನಮಗೆ ದಕ್ಕಿದ್ದು ಮಾತ್ರ ಸಂಧಿ ಬಿಡಿಸುವ ಐದು ಅಂಕದ ಪ್ರಶ್ನೆ.

ಈ ಕಾಲದಲ್ಲಿ ಈ ಕೆಲಸವನ್ನು ಗಟ್ಟಿಯಾಗಿ ಹಿಡಿದವರಲ್ಲಿ ಒಬ್ಬರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ಭಾಷಾವಿಜ್ಞಾನದ ಪ್ರಾಧ್ಯಾಪಕ ಆಂಡ್ರೂ ಕೆಹ್ಲರ್. ಹಾರ್ವರ್ಡ್‌ನಲ್ಲಿ ಕಂಪ್ಯೂಟರ್ ವಿಜ್ಞಾನ ಓದಿ ಭಾಷೆಯ ಕಡೆ ಬಂದವರು. ಅವರ ಮುಖ್ಯ ಪುಸ್ತಕ ಬಂದದ್ದು 2002ರಲ್ಲಿ. ಅವರಿಗೂ ಮುಂಚೆ, 1979ರಲ್ಲಿ, ಜೆರ್ರಿ ಹಾಬ್ಸ್ ಎಂಬ ವಿದ್ವಾಂಸರು ಒಂದು ಪುಟ್ಟ ಉದಾಹರಣೆ ಕೊಟ್ಟಿದ್ದರು. ಅದನ್ನು ನಮ್ಮ ಸೀಮೆಗೆ ತಂದರೆ ಹೀಗಿರುತ್ತದೆ: "ರಂಗಪ್ಪ ಬಸ್ಸು ಹತ್ತಿ ಮಧುಗಿರಿಗೆ ಹೋದ. ಮಗಳನ್ನು ಅಲ್ಲಿಗೆ ಕೊಟ್ಟಿದ್ದಾರೆ." ಸರಿ, ಮಗಳನ್ನು ನೋಡಲು ಹೋಗಿದ್ದಾನೆ. ಈಗ ಇದನ್ನು ಓದಿ: "ರಂಗಪ್ಪ ಬಸ್ಸು ಹತ್ತಿ ಮಧುಗಿರಿಗೆ ಹೋದ. ಅವನಿಗೆ ಬದನೆಕಾಯಿ ಅಂದ್ರೆ ಪ್ರಾಣ." ಎರಡೂ ವಾಕ್ಯ ವ್ಯಾಕರಣಬದ್ಧ. ಎರಡೂ ನಿಜವಿರಬಹುದು. ಆದರೂ ಓದಿದವರು 'ಏನು, ಮಧುಗಿರಿ ಬದನೆಕಾಯಿಗೆ ಹೆಸರುವಾಸಿಯೇ?' ಎಂದು ಹುಬ್ಬೇರಿಸುತ್ತಾರೆ. ನಂಟು ಕಾಣದಿದ್ದರೆ ಸುಮ್ಮನಿರುವ ಜಾತಿ ನಮ್ಮದಲ್ಲ. ಇಲ್ಲದ ನಂಟನ್ನು ಕಲ್ಪಿಸಿಯಾದರೂ ಎರಡನ್ನೂ ಸೇರಿಸುತ್ತೇವೆ.

ನಂಟುಗಳಲ್ಲಿ ಎಷ್ಟು ಬಗೆ? ಕೆಹ್ಲರ್ ಇದಕ್ಕೆ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮನ ಬಾಗಿಲು ತಟ್ಟಿದರು. ಮನಸ್ಸಿನಲ್ಲಿ ಒಂದು ಆಲೋಚನೆಯ ಹಿಂದೆ ಇನ್ನೊಂದು ಬರುವುದು ಮೂರೇ ದಾರಿಯಲ್ಲಿ ಎಂದು ಹ್ಯೂಮ್ 1748ರಲ್ಲಿ ಬರೆದಿದ್ದ: ಹೋಲಿಕೆ, ಸಾಮೀಪ್ಯ, ಕಾರ್ಯಕಾರಣ. ವಾಕ್ಯಗಳ ನಡುವಿನ ನಂಟೂ ಈ ಮೂರರಲ್ಲೇ ಅಡಗುತ್ತದೆ ಎಂಬುದು ಕೆಹ್ಲರ್ ವಾದ. 'ಹಾಗೆಯೇ', 'ಆಮೇಲೆ', 'ಆದ್ದರಿಂದ' ಎಂದುಕೊಳ್ಳಿ. ಇಷ್ಟಕ್ಕೇ ನಿಂತಿದ್ದರೆ ಅದೊಂದು ಪಟ್ಟಿಯಾಗುತ್ತಿತ್ತು. ಅವರು ತೋರಿಸಿದ್ದು ಬೇರೆಯದು. ಯಾವ ನಂಟು ಎಂದು ನಾವು ಅಂದುಕೊಳ್ಳುತ್ತೇವೋ ಅದರ ಮೇಲೆ 'ಅವನು' ಎಂದರೆ ಯಾರು ಎಂಬುದೂ ಬದಲಾಗುತ್ತದೆ.

ಒಂದು ಪ್ರಯೋಗ ನೋಡಿ. ಹನ್ನಾ ರೋಡ್, ಜೆಫ್ ಎಲ್ಮನ್ ಜೊತೆಗೂಡಿ ಕೆಹ್ಲರ್ ಜನರ ಮುಂದೆ ಅರ್ಧ ಬರೆದ ಕಥೆ ಇಟ್ಟರು. ನಮ್ಮ ಹೆಸರು ಹಾಕಿ ಹೇಳುವುದಾದರೆ, "ಮಂಜ ಸೀನನಿಗೆ ಪುಸ್ತಕ ಕೊಟ್ಟ. ಅವನು..." ಇಲ್ಲಿಂದ ಮುಂದೆ ನೀವೇ ಬರೆಯಿರಿ ಎಂದರು. 'ಕೊಟ್ಟ' ಎಂದಾಗ 'ಅವನು' ಎಷ್ಟೋ ಸಲ ಸೀನನಾಗುತ್ತಾನೆ: ತೆಗೆದುಕೊಂಡ, ಓದಿದ, ಥ್ಯಾಂಕ್ಸ್ ಹೇಳಿದ. ಅದನ್ನೇ 'ಕೊಡ್ತಿದ್ದ' ಎಂದು ತಿದ್ದಿದರೆ ಕಥೆ ಮಂಜನ ಕಡೆ ವಾಲುತ್ತದೆ, ಯಾಕೆಂದರೆ ಕೊಡುವ ಕೆಲಸ ಇನ್ನೂ ಮುಗಿದಿಲ್ಲ. ಇನ್ನೂ ಸ್ವಾರಸ್ಯದ್ದೆಂದರೆ, ವಾಕ್ಯವನ್ನು ಮುಟ್ಟದೆ ಬರೆಯುವವರಿಗೆ ಕೊಟ್ಟ ಸೂಚನೆಯನ್ನಷ್ಟೇ ಬದಲಿಸಿದರು. 'ಮುಂದೇನಾಯಿತು?' ಎಂಬುದಕ್ಕೆ ಬರೆಯಿರಿ ಎಂದರೆ ಒಬ್ಬ, 'ಯಾಕೆ?' ಎಂಬುದಕ್ಕೆ ಬರೆಯಿರಿ ಎಂದರೆ ಇನ್ನೊಬ್ಬ. ವಾಕ್ಯ ಅದೇ, ಸರ್ವನಾಮ ಅದೇ, ಮನುಷ್ಯ ಮಾತ್ರ ಬೇರೆ.

ಕ್ರಿಯಾಪದಗಳಿಗೂ ತಮ್ಮದೇ ಒಲವಿದೆ ಎಂಬುದನ್ನು 1974ರಲ್ಲೇ ಗಾರ್ವಿ ಮತ್ತು ಕಾರಮಾಜ಼ಾ ಎಂಬಿಬ್ಬರು ತೋರಿಸಿದ್ದರು. "ಗಿರಿಜಾ ಲಕ್ಷ್ಮಿಯನ್ನು ಬೈದಳು, ಯಾಕಂದ್ರೆ" ಎಂದು ನಿಲ್ಲಿಸಿದರೆ ತಪ್ಪು ಲಕ್ಷ್ಮಿಯ ಪಾಲಿಗೆ ಹೋಗುತ್ತದೆ. "ಗಿರಿಜಾ ಲಕ್ಷ್ಮಿಯ ಹತ್ತಿರ ಕ್ಷಮೆ ಕೇಳಿದಳು, ಯಾಕಂದ್ರೆ" ಎಂದರೆ ಗಿರಿಜಾಳೇ ಏನೋ ಮಾಡಿಕೊಂಡಿದ್ದಾಳೆ.

ಇದನ್ನೆಲ್ಲ ಕೆಹ್ಲರ್ ಮತ್ತು ರೋಡ್ 2013ರಲ್ಲಿ ಒಂದು ಲೆಕ್ಕಕ್ಕೆ ಇಳಿಸಿದರು. ಲೆಕ್ಕ 18ನೆಯ ಶತಮಾನದ ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್‌ನದು. 'ಅವಳು' ಎಂಬುದು ಕಿವಿಗೆ ಬಿದ್ದಾಗ ಕೇಳುಗ ಎರಡು ಬೇರೆಬೇರೆ ವಿಷಯ ತೂಗುತ್ತಾನಂತೆ. ಒಂದು, ಮುಂದಿನ ಮಾತು ಯಾರ ಬಗ್ಗೆ ಬರಬಹುದು? ಇದು ಲೋಕಜ್ಞಾನದ ಮಾತು. ಯಾರು ಯಾರಿಗೆ ಏನು ಮಾಡಿದರು ಎಂಬುದರಿಂದ ಗೊತ್ತಾಗುವುದು. ಎರಡು, ಅವಳ ಬಗ್ಗೆಯೇ ಹೇಳುವುದಾಗಿದ್ದರೆ ಮಾತಾಡುವವರು ಹೆಸರು ಹಿಡಿಯುತ್ತಿದ್ದರೋ 'ಅವಳು' ಎನ್ನುತ್ತಿದ್ದರೋ? ಇದು ವ್ಯಾಕರಣದ ಮಾತು. ಹಿಂದಿನ ವಾಕ್ಯದ ಕರ್ತೃವಿಗೆ ಸರ್ವನಾಮ ಬಳಸುವುದು ಹೆಚ್ಚು. ಈ ಎರಡನ್ನೂ ಗುಣಿಸಿದರೆ 'ಅವಳು' ಯಾರೆಂಬ ಊಹೆ ಸಿಗುತ್ತದೆ. ನನಗೆ ಇಲ್ಲಿ ಹಿಡಿಸಿದ್ದು ಈ ಎರಡನ್ನೂ ಬೇರ್ಪಡಿಸಿದ ಜಾಣ್ಮೆ. ಇವು ಬೆರೆತಿದ್ದಾಗ ವಿದ್ವಾಂಸರಲ್ಲಿ ಒಂದು ಬಣ ಎಲ್ಲವೂ ವ್ಯಾಕರಣ ಎನ್ನುತ್ತಿತ್ತು, ಇನ್ನೊಂದು ಎಲ್ಲವೂ ಲೋಕಜ್ಞಾನ ಎನ್ನುತ್ತಿತ್ತು.

ಇನ್ನು ಯಂತ್ರದ ಕಡೆ ಬರೋಣ. ಚಾಟ್‌ಜಿಪಿಟಿಯಂಥವುಗಳ ಒಳಗಿರುವ ಭಾಷಾ ಮಾದರಿಗಳ ಮೂಲ ಕಸುಬು ಒಂದೇ: ಇಲ್ಲಿಯವರೆಗೆ ಬಂದ ಪಠ್ಯ ನೋಡಿ ಮುಂದಿನ ತುಣುಕನ್ನು ಊಹಿಸುವುದು. ಈ ಆಟ ಹೊಸದಲ್ಲ. ಬೆಲ್ ಲ್ಯಾಬ್ಸ್‌ನ ಕ್ಲಾಡ್ ಶ್ಯಾನನ್ 1951ರಲ್ಲೇ ಮನುಷ್ಯರಿಂದ ಇಂಗ್ಲಿಷ್ ಪುಸ್ತಕದ ಅಕ್ಷರಗಳನ್ನು ಒಂದೊಂದಾಗಿ ಊಹೆ ಮಾಡಿಸಿ, ಎಷ್ಟು ಸಲಕ್ಕೆ ಸರಿಯಾದೀತು ಎಂದು ಎಣಿಸಿ, ಭಾಷೆಯಲ್ಲಿ ಎಷ್ಟು ಪಾಲು ಮೊದಲೇ ಗೊತ್ತಾಗುವಂಥದ್ದು ಎಂದು ಅಳೆದಿದ್ದರು. ಈಗ ಆ ಊಹೆಯನ್ನು ಕೋಟಿಗಟ್ಟಲೆ ಪುಟ ಓದಿದ ಯಂತ್ರ ಮಾಡುತ್ತದೆ. ಕೆಹ್ಲರ್ ಹೇಳುವ ಕೇಳುಗನೂ ಊಹಿಸುವವನೇ ಎಂಬುದನ್ನು ಗಮನಿಸಿ. ವ್ಯತ್ಯಾಸವೇನೆಂದರೆ ಯಂತ್ರದಲ್ಲಿ 'ಮುಂದೆ ಯಾರು' ಮತ್ತು 'ಅವರನ್ನು ಹೇಗೆ ಕರೆಯುವುದು' ಎಂಬ ಎರಡೂ ಒಂದೇ ಅಂಕಿಯಲ್ಲಿ ಕಲಸಿಹೋಗಿರುತ್ತವೆ. ಬಿಡಿಸಿ ನೋಡುವುದು ಸಂಶೋಧಕರಿಗೆ ಬಿಟ್ಟದ್ದು.

ಕನ್ನಡದ ಮಟ್ಟಿಗೆ ಯಂತ್ರದ ತೊಡಕು ಅರ್ಥಕ್ಕಿಂತ ಮುಂಚೆ, ಅಕ್ಷರದಲ್ಲೇ ಶುರುವಾಗುತ್ತದೆ. 'ತಾವರೆಕೆರೆ' ನಮ್ಮ ಲೆಕ್ಕಕ್ಕೆ ಐದು ಅಕ್ಷರ. ಯೂನಿಕೋಡ್ ಅದನ್ನು ಒಂಬತ್ತು ಚಿಹ್ನೆಯಾಗಿ ಒಡೆಯುತ್ತದೆ: ನಾಲ್ಕು ಗುಣಿತ ಚಿಹ್ನೆ ಬೇರೆ, ಐದು ಮೂಲಾಕ್ಷರ ಬೇರೆ. ಇಂಟರ್ನೆಟ್ಟಿನಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಒಂದೊಂದು ಕನ್ನಡ ಚಿಹ್ನೆಗೆ 3 ಬೈಟ್. ಒಟ್ಟು 27. ಅದೇ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಹತ್ತು ಅಕ್ಷರ, 10 ಬೈಟ್. ಬೈಟುಗಳನ್ನು ಕೂಡಿಸಿ ತುಣುಕು ಮಾಡಿಕೊಳ್ಳುವ ಮಾದರಿಗಳು ಹೆಚ್ಚಾಗಿ ಇಂಗ್ಲಿಷನ್ನೇ ನೋಡಿ ಕೂಡಿಸಿಕೊಂಡಿದ್ದರೆ, ಕನ್ನಡದ ಪದ ಅವುಗಳ ಕೈಯಲ್ಲಿ ಪುಡಿಪುಡಿಯಾಗುತ್ತದೆ. ಓದಿದ ಸರಕಿನ ಕಥೆಯೂ ಹಾಗೇ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸುಮಾರು 70 ಲಕ್ಷ ಲೇಖನ. 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯದ್ದು ಮೂವತ್ತು ಸಾವಿರದ ಆಸುಪಾಸು. ಮಾತಾಡುವವರು ಕಡಿಮೆಯೆಂದಲ್ಲ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದವರು 4.37 ಕೋಟಿ.

ಯಂತ್ರಕ್ಕೆ ಮಾತಿನ ನಂಟು ತಿಳಿಯುತ್ತದೆಯೇ ಎಂದು ಪರೀಕ್ಷಿಸಲು ಒಂದು ಹೆಸರಾಂತ ಪ್ರಶ್ನೆಯಿದೆ. ಟೆರ್ರಿ ವಿನೋಗ್ರಾಡ್ 1972ರಲ್ಲಿ ಕೊಟ್ಟದ್ದು. ನಗರಸಭೆಯವರು ಪ್ರತಿಭಟನೆಗೆ ಬಂದವರಿಗೆ ಅನುಮತಿ ಕೊಡಲಿಲ್ಲ, ಯಾಕೆಂದರೆ ಅವರು ಗಲಭೆಗೆ ಹೆದರಿದರು. ಇಲ್ಲಿ 'ಅವರು' ನಗರಸಭೆಯವರು. 'ಹೆದರಿದರು' ತೆಗೆದು 'ಕುಮ್ಮಕ್ಕು ಕೊಡುತ್ತಿದ್ದರು' ಎಂದು ಹಾಕಿದರೆ 'ಅವರು' ಪ್ರತಿಭಟನಾಕಾರರಾಗುತ್ತಾರೆ. ಒಂದೇ ಪದ ಬದಲಾದರೆ ವ್ಯಕ್ತಿಯೇ ಬದಲು. ಟೊರಾಂಟೊದ ಹೆಕ್ಟರ್ ಲೆವೆಕ್ ಮತ್ತು ಸಂಗಡಿಗರು 2012ರಲ್ಲಿ ಇಂಥವೇ ಪ್ರಶ್ನೆಗಳಿಂದ ಒಂದು ಸವಾಲು ಕಟ್ಟಿದರು. ಲೋಕಜ್ಞಾನವಿಲ್ಲದ ಯಂತ್ರಕ್ಕೆ ಇದು ದಕ್ಕದು ಎಂಬುದು ಅವರ ನಂಬಿಕೆ. ಹತ್ತು ವರ್ಷವೂ ತಡೆಯಲಿಲ್ಲ, ಯಂತ್ರಗಳು ನೂರಕ್ಕೆ ತೊಂಬತ್ತರ ಮೇಲೆ ಅಂಕ ತೆಗೆದವು. ಸವಾಲು ಕಟ್ಟಿದವರಲ್ಲೇ ಕೆಲವರು ಸೇರಿ 2023ರಲ್ಲಿ ಅದರ ಸೋಲಿನ ಕಥೆ ಬರೆದರು. ಅಂಕ ಬಂತು, ಆದರೆ ಲೋಕಜ್ಞಾನ ಬಂದಿದೆ ಎಂದು ಅದರಿಂದ ಹೇಳಲಾಗದು ಎಂಬುದು ಅವರ ತೀರ್ಮಾನ.

ಈಗ ಅದೇ ಪ್ರಶ್ನೆಯನ್ನು ಕನ್ನಡದವರು ಹೇಗೆ ಆಡುತ್ತಾರೆ ನೋಡಿ. "ಗಲಾಟೆ ಆದೀತು ಅಂತ ಹೆದರಿ ನಗರಸಭೆಯವರು ಪರ್ಮಿಷನ್ ಕೊಡಲಿಲ್ಲ." ಮುಗಿಯಿತು. 'ಹೆದರಿ' ಎಂಬ ಕೃದಂತ ಬಂದ ಮೇಲೆ ಹೆದರಿದವರೂ ಅವರೇ, ಕೊಡದವರೂ ಅವರೇ. ಒಗಟು ಉಳಿಯುವುದೇ ಇಲ್ಲ. 'ಏಕೆಂದರೆ ಅವರು' ಎಂದು ಎಳೆದು ಬರೆದದ್ದು ಪ್ರಶ್ನೆಪತ್ರಿಕೆಯ ಕನ್ನಡ, ಯಾರ ಬಾಯಲ್ಲೂ ಇಲ್ಲದ್ದು. ಭಾರತೀಯ ಭಾಷೆಗಳ ಯಂತ್ರಗಳನ್ನು ಅಳೆಯಲು ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಒಳ್ಳೆಯ ಕೆಲಸ ಮಾಡಿದೆ. ಕಾರಣ ಮತ್ತು ಪರಿಣಾಮ ಊಹಿಸುವ ಒಂದು ಇಂಗ್ಲಿಷ್ ಪರೀಕ್ಷೆಯನ್ನು ಮನುಷ್ಯರಿಂದಲೇ ಅನುವಾದ ಮಾಡಿಸಿ ಕನ್ನಡಕ್ಕೂ ತಂದಿದೆ. ಏನೂ ಇಲ್ಲದಿದ್ದ ಕಡೆ ಅದು ದೊಡ್ಡದೇ. ಆದರೆ ಇಂಗ್ಲಿಷಿನಿಂದ ಬಂದ ಪ್ರಶ್ನೆಗಳು ಇಂಗ್ಲಿಷಿಗೆ ಕಷ್ಟವಾದದ್ದನ್ನು ಕೇಳುತ್ತವೆ. ಕನ್ನಡಕ್ಕೆ ಕಷ್ಟವಾದದ್ದು ಅಲ್ಲಿ ಬರುವುದಿಲ್ಲ. ಅನುವಾದಕರು ಎಷ್ಟೇ ನಿಪುಣರಿದ್ದರೂ ಮೂಲದಲ್ಲಿ ಇಲ್ಲದ ತೊಡಕನ್ನು ಅವರು ಎಲ್ಲಿಂದ ತರುತ್ತಾರೆ?

ಕನ್ನಡಕ್ಕೆ ಕಷ್ಟವಾದದ್ದು ಯಾವುದು ಎಂದರೆ, ಈ ಜೋಡಿ ನೋಡಿ.

"ಸಾವಿತ್ರಿ ರಮೇಶನಿಗಾಗಿ ಎರಡು ಗಂಟೆ ಕಾದಳು. ಬರಲೇ ಇಲ್ಲ."

"ಸಾವಿತ್ರಿ ರಮೇಶನನ್ನು ಎರಡು ಗಂಟೆ ಕಾಯಿಸಿದಳು. ಬರಲೇ ಇಲ್ಲ."

ಮೊದಲನೆಯದರಲ್ಲಿ ಬಾರದವನು ರಮೇಶ, ಎರಡನೆಯದರಲ್ಲಿ ಬಾರದವಳು ಸಾವಿತ್ರಿ. ಎರಡನೆಯ ವಾಕ್ಯ ಎರಡೂ ಕಡೆ ಒಂದೇ. ಕನ್ನಡದ ಕ್ರಿಯಾಪದ ಬಾಲದಲ್ಲೇ ಎಲ್ಲ ಹೇಳಿಬಿಡುತ್ತದೆ ಎಂದು ನಾವು ಹೆಮ್ಮೆಪಡುತ್ತೇವೆ: ಬಂದನು, ಬಂದಳು, ಬಂದಿತು. ಆದರೆ ನಿಷೇಧಕ್ಕೆ ಹೋದ ಕೂಡಲೆ ಆ ಬಾಲ ಉದುರುತ್ತದೆ. ನಾನು ಬರಲಿಲ್ಲ, ನೀನು ಬರಲಿಲ್ಲ, ಅವಳು ಬರಲಿಲ್ಲ, ದನ ಬರಲಿಲ್ಲ. ಕರ್ತೃವನ್ನು ಬೇರೆ ಬಿಟ್ಟುಬಿಟ್ಟರೆ ವಾಕ್ಯದಲ್ಲಿ ಹಿಡಿಯಲು ಏನೂ ಇಲ್ಲ. ಯಾರು ಎಂಬುದನ್ನು ಹಿಂದಿನ ವಾಕ್ಯದಿಂದಲೇ, ಅದೂ ಕಾಯುವುದಕ್ಕೂ ಕಾಯಿಸುವುದಕ್ಕೂ ಇರುವ ವ್ಯತ್ಯಾಸದಿಂದಲೇ ತೆಗೆಯಬೇಕು. ಇದನ್ನು ಇಂಗ್ಲಿಷಿಗೆ ಹಾಕಿದರೆ 'ಹಿ' ಅಥವಾ 'ಶಿ' ಎಂದು ಹೇಳದೆ ಗತಿಯಿಲ್ಲ, ಒಗಟು ಸತ್ತುಹೋಗುತ್ತದೆ. ಹಿಂದಿಗೆ ಹಾಕಿದರೆ ಇನ್ನೊಂದು ಪೇಚು: 'ನಹೀ ಆಯಾ'ನೋ 'ನಹೀ ಆಯೀ'ನೋ ಒಂದನ್ನು ಆರಿಸಲೇಬೇಕು. 1990ರ ದಶಕದಲ್ಲಿ ಕಾನ್ಪುರ ಐಐಟಿಯ ರಾಜೀವ್ ಸಂಗಲ್, ವಿನೀತ್ ಚೈತನ್ಯ ಮೊದಲಾದವರು ಪಾಣಿನಿಯ ಕಾರಕಗಳನ್ನು ಆಧರಿಸಿ 'ಅನುಸಾರಕ' ಎಂಬ ತಂತ್ರಾಂಶ ಕಟ್ಟಿದ್ದರು. ಕನ್ನಡವನ್ನು ಹಿಂದಿಯವರು ಓದಿಕೊಳ್ಳುವಂತೆ ಮಾಡುವುದೂ ಅದರ ಕೆಲಸಗಳಲ್ಲೊಂದು. ಎರಡೂ ಭಾಷೆಯಲ್ಲಿ ಕ್ರಿಯಾಪದ ಕೊನೆಗೇ ಬರುವುದರಿಂದ ಪದಗಳ ಜೋಡಣೆಯ ತಲೆನೋವು ಕಡಿಮೆ. ಒಂದೊಂದೇ ವಾಕ್ಯ ನೋಡುವ ಯಾವ ಅನುವಾದ ಯಂತ್ರಕ್ಕೂ ಈ 'ಬರಲೇ ಇಲ್ಲ' ಮಾತ್ರ ಇಂದಿಗೂ ಗಂಟಲಲ್ಲಿ ಸಿಕ್ಕುವ ತುತ್ತೇ.

ಇನ್ನೊಂದು, 'ಬಂದು'. "ಮಳೆ ಬಂದು ನಿಂತಿತು" ಎಂದರೆ ಒಂದರ ನಂತರ ಒಂದು. "ಮಳೆ ಬಂದು ಕಡ್ಲೇಕಾಯಿ ಹೊಲದಲ್ಲೇ ಮೊಳಕೆ ಹೊಡೀತು" ಎಂದರೆ ಮಳೆಯೇ ಕಾರಣ. ಕಿತ್ತು ಹಾಕಿದ ಕಾಯಿಯ ಮೇಲೆ ಮಳೆ ಬಿದ್ದ ವರ್ಷ ಶಿರಾ, ಪಾವಗಡದ ರೈತರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಎರಡರಲ್ಲೂ ಇರುವುದು ಅದೇ 'ಬಂದು'. 'ಆಮೇಲೆ'ಯೂ ಇಲ್ಲ, 'ಆದ್ದರಿಂದ'ವೂ ಇಲ್ಲ. ಅದರ ಕೊನೆಯ ಸ್ವರವನ್ನು ಸ್ವಲ್ಪ ಎಳೆಯಿರಿ: "ಮಳೆ ಬಂದೂ ಕೆರೆ ತುಂಬಲಿಲ್ಲ." ಈಗ ನಂಟು ತಿರುಗಿಬಿತ್ತು, ಆಗಬೇಕಾದದ್ದು ಆಗಲಿಲ್ಲ ಎಂದಾಯಿತು. ಇಂಗ್ಲಿಷಿನಲ್ಲಿ ಇದಕ್ಕೆ ಇಡೀ ಒಂದು ಪದ ಬೇಕು, ನಮಗೆ ಒಂದು ದೀರ್ಘ ಸಾಕು. ಅವಸರದಲ್ಲಿ ಟೈಪ್ ಮಾಡುವವರು ಆ ದೀರ್ಘವನ್ನು ನುಂಗಿಬಿಡುತ್ತಾರೆ ಎಂಬುದು ಬೇರೆ ಮಾತು. ಹ್ಯೂಮನ ಮೂರು ದಾರಿಗಳಲ್ಲಿ ಎರಡು ಕನ್ನಡದಲ್ಲಿ ಅಡಗಿರುವುದು ಹೀಗೆ, ಕೃದಂತದ ತುದಿಯಲ್ಲಿ.

ಎಲ್ಲಕ್ಕಿಂತ ಗಹನವಾದದ್ದು 'ತಾನು'. "ರಂಗಪ್ಪ ಅವನು ಸಂತೆಗೆ ಬರಲ್ಲ ಅಂದ" ಎಂದರೆ ಬಾರದವನು ಇನ್ಯಾರೋ. "ರಂಗಪ್ಪ ತಾನು ಸಂತೆಗೆ ಬರಲ್ಲ ಅಂದ" ಎಂದರೆ ರಂಗಪ್ಪನೇ. ಇಂಗ್ಲಿಷಿನ ಬಡ 'ಹಿ' ಎರಡನ್ನೂ ಹೊತ್ತು ತಿರುಗುತ್ತದೆ. ನಮ್ಮಲ್ಲಿ ಯಾರ ಮನಸ್ಸಿನ ಒಳಗಿನಿಂದ ಮಾತು ಬರುತ್ತಿದೆಯೋ ಅವರಿಗೇ ಒಂದು ಸರ್ವನಾಮ ಮೀಸಲು. ಎಸ್. ಎನ್. ಶ್ರೀಧರ್ ಅವರ 1990ರ ಕನ್ನಡ ವ್ಯಾಕರಣದಿಂದ ಹಿಡಿದು ಆರ್. ಅಮೃತವಲ್ಲಿ, ಅಮೆರಿಕದ ಜೆಫ್ರಿ ಲಿಡ್ಜ್ ಅವರವರೆಗೆ ಭಾಷಾವಿಜ್ಞಾನಿಗಳು 'ತಾನು'ವಿನ ಮೇಲೂ, ಅದರ ಜೊತೆಗಾರ 'ಕೊಂಡು'ವಿನ ಮೇಲೂ ಪುಟಗಟ್ಟಲೆ ಬರೆದಿದ್ದಾರೆ. 'ಅವನು' ಎಂಬುದರ ಕಥೆ ಮತ್ತೊಂದು. ನಾನು, ನೀನು ಎಂಬವು ಮಾತಿನ ಪಾತ್ರಧಾರಿಗಳ ಹೆಸರು; ಅವನು, ಇವನು ಮಾತ್ರ ಆ, ಈ ಎಂದು ಬೆರಳು ತೋರಿಸುವುದರಿಂದ ಹುಟ್ಟಿದವು, ಇವೆರಡೂ ಒಂದೇ ಜಾತಿಯಲ್ಲ ಎಂಬುದನ್ನು ಡಿ. ಎನ್. ಶಂಕರ ಭಟ್ಟರು ನೂರಾರು ಭಾಷೆಗಳನ್ನು ಎದುರಿಗಿಟ್ಟುಕೊಂಡು 2004ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಹಳ್ಳಿಯಲ್ಲಿ ಯಾರಾದರೂ ಜಗಳದ ಕಥೆ ಹೇಳುವಾಗ ಕಿವಿಗೊಟ್ಟರೆ ಭಟ್ಟರ ಮಾತಿನ ರುಚಿ ಸಿಗುತ್ತದೆ. 'ಇವ್ನು' ಎಂದರೆ ಹೇಳುವವನು ಯಾರ ಪರವೋ ಅವನು, 'ಅವ್ನು' ಎಂದರೆ ಎದುರಾಳಿ. ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಈ ನಿಯಮವನ್ನು ಕೇಳುವವರು ತಪ್ಪದೆ ಹಿಡಿಯುತ್ತಾರೆ.

'ತಾನು' ಮಾಡುವ ಇನ್ನೊಂದು ಚಮತ್ಕಾರವಿದೆ. "ತಾನು ಬರುತ್ತೇನೆ ಎಂದ." ನಿಧಾನವಾಗಿ ಓದಿ. ಕರ್ತೃ 'ತಾನು', ಅಂದರೆ ಮಾತಾಡುತ್ತಿರುವ ನಾನಲ್ಲ, ಕಥೆಯೊಳಗಿನ ಅವನು. ಕ್ರಿಯಾಪದ 'ಬರುತ್ತೇನೆ', 'ನಾನು' ಎಂಬುದಕ್ಕೆ ಹೊಂದುವುದು. ಶಾಲೆಯ ವ್ಯಾಕರಣದ ಪ್ರಕಾರ ಇದು ತಪ್ಪು. ಕನ್ನಡ ಪತ್ರಿಕೆಗಳಲ್ಲಿ ಇದು ಸಲೀಸಾಗಿ ಅಚ್ಚಾಗುತ್ತದೆ, ಯಾರೂ ತಿದ್ದುವುದಿಲ್ಲ, ತಿದ್ದಲೂ ಬಾರದು. ತೆಲುಗಿನಲ್ಲೂ ಇದೇ ಬಗೆ, ಭಾಷಾವಿಜ್ಞಾನಿಗಳು ಅದನ್ನು ವಿವರವಾಗಿ ದಾಖಲಿಸಿದ್ದಾರೆ: 'ತಾನು ವಸ್ತಾನು ಅನ್ನಾಡು.' ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ಪಾವಗಡದಲ್ಲಿ ಕನ್ನಡದಿಂದ ತೆಲುಗಿಗೂ ತೆಲುಗಿನಿಂದ ಕನ್ನಡಕ್ಕೂ ಒಂದೇ ಉಸಿರಿನಲ್ಲಿ ದಾಟುವವರಿಗೆ ಈ ಸೇತುವೆ ಸವೆದು ನುಣುಪಾಗಿದೆ. ಬಾಯಿಮಾತಿನಲ್ಲಂತೂ 'ತಾನು' ಕೂಡ ಬೇಡ: "ಬತ್ತೀನಿ ಅಂದ, ಬರ್ಲಿಲ್ಲ." ನಾಮಪದ ಒಂದೂ ಇಲ್ಲ. 'ಬತ್ತೀನಿ' ಎಂಬುದು ನಾನಲ್ಲ, 'ಅಂದ' ಎಂಬುದು ಅವನು, 'ಬರ್ಲಿಲ್ಲ' ಎಂಬುದು ಮೇಲೆ ಹೇಳಿದಂತೆ ಯಾರು ಬೇಕಾದರೂ. ಕೇಳಿದವರಿಗೆ ಒಂದಿಷ್ಟೂ ಗೊಂದಲವಿಲ್ಲ.

ಗೊಂದಲವಿರುವ ಜಾಗವೂ ಇದೆ. "ಮಂಜ ನಾನು ಗೆದ್ದೆ ಅಂದ." ಗೆದ್ದದ್ದು ಯಾರು? ಮಂಜ ತನ್ನ ಗೆಲುವು ಹೇಳಿಕೊಂಡಿರಬಹುದು; ಅಥವಾ ಈ ಸುದ್ದಿ ಹೇಳುತ್ತಿರುವ ನಾನು ಗೆದ್ದೆನೆಂದು ಮಂಜ ಒಪ್ಪಿಕೊಂಡಿರಬಹುದು. ಬಾಯಲ್ಲಿ ಇದು 'ನಾನು' ಎಂಬುದರ ಮೇಲೆ ಬೀಳುವ ಒತ್ತಿನಿಂದ, ಅದಕ್ಕಿಂತ ಹೆಚ್ಚಾಗಿ ಮುಂಚೆ ಏನು ಮಾತು ನಡೆದಿತ್ತು ಎಂಬುದರಿಂದ ತೀರ್ಮಾನವಾಗುತ್ತದೆ. ಬರಹದಲ್ಲಿ ಉದ್ಧರಣ ಚಿಹ್ನೆ ಹಾಕಿದರೆ ಬಚಾವು.

ಯಂತ್ರಕ್ಕೆ ಇದನ್ನು ಕಲಿಸಲು ಬೇಕಾದದ್ದು ಮಾತು, ಬಿಡಿ ವಾಕ್ಯವಲ್ಲ. ಇಲ್ಲಿ ನನಗೊಂದು ತಕರಾರಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್ಟ್‌ಪಾರ್ಕ್ ಗೂಗಲ್ ನೆರವಿನೊಂದಿಗೆ 'ವಾಣಿ' ಎಂಬ ದೊಡ್ಡ ಯೋಜನೆ ನಡೆಸುತ್ತಿವೆ. ಗುರಿ ದೇಶದ 773 ಜಿಲ್ಲೆಗಳಿಂದ ಒಂದೂವರೆ ಲಕ್ಷ ಗಂಟೆಗಳಷ್ಟು ಜನರ ದನಿ. ಭಾಷೆಯ ಹೆಸರಿನಿಂದಲ್ಲ, ಜಿಲ್ಲೆಯಿಂದ ಹೊರಡುತ್ತಾರೆ ಎಂಬುದು ಅದರ ದೊಡ್ಡ ಗುಣ; ಹಾಗಾಗಿಯೇ 'ಹ'ಕಾರ ಬಿಟ್ಟು 'ಅಂಗೆ, ಇಂಗೆ' ಎನ್ನುವವರ ಕನ್ನಡಕ್ಕೂ ಜಾಗ ಸಿಗುತ್ತದೆ. ಆದರೆ ದನಿ ಪಡೆಯುವ ವಿಧಾನ ಚಿತ್ರ ತೋರಿಸಿ ಇದರ ಬಗ್ಗೆ ಹೇಳಿ ಎನ್ನುವುದು. ಉಚ್ಚಾರಣೆ ಕಲಿಸಲು ಇದು ಸಾಕು. ಚಿತ್ರ ನೋಡಿ ಮಾತಾಡುವಾಗ ಮಾತ್ರ ಯಾರೂ 'ಬತ್ತೀನಿ ಅಂದ, ಬರ್ಲಿಲ್ಲ' ಎನ್ನುವುದಿಲ್ಲ. 'ಹೋದನಂತೆ' ಎನ್ನುವ ಸಂದರ್ಭವೂ ಬರುವುದಿಲ್ಲ, ಯಾಕೆಂದರೆ ಚಿತ್ರ ಕಣ್ಣೆದುರೇ ಇದೆ, ಯಾರೋ ಹೇಳಿದ್ದಲ್ಲ. ಎದುರು ಇನ್ನೊಬ್ಬರಿಲ್ಲದ ಮಾತಿನಲ್ಲಿ ಅಂಗಡಿಯಾಕೆಯ ಉತ್ತರದಂಥದ್ದು ಹುಟ್ಟಲು ಸಾಧ್ಯವೇ ಇಲ್ಲ.

ಮಾತಿನ ನಂಟುಗಳನ್ನು ಗುರುತು ಹಾಕಿ ಇಡುವ ಕೆಲಸಕ್ಕೆ ಒಂದು ಮಾದರಿ ಆಗಲೇ ಇದೆ. ಪುಣೆಯಲ್ಲಿ ಹುಟ್ಟಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ದುಡಿದ ಅರವಿಂದ ಜೋಶಿ (1929–2017) ಮತ್ತು ಅವರ ಬಳಗ, ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯ ಸುಮಾರು ಹತ್ತು ಲಕ್ಷ ಪದಗಳ ಬರಹವನ್ನು ತೆಗೆದುಕೊಂಡು, ಯಾವ ವಾಕ್ಯಕ್ಕೆ ಯಾವುದರ ಜೊತೆ ಏನು ನಂಟು ಎಂದು ಒಂದೊಂದಾಗಿ ಬರೆದಿಟ್ಟಿತು. 2008ರ ಅದರ ಆವೃತ್ತಿಯಲ್ಲಿ 'ಬಿಕಾಸ್', 'ಬಟ್' ಎಂದು ಬಾಯಿಬಿಟ್ಟು ಹೇಳಿದ ನಂಟುಗಳು 18 ಸಾವಿರ ಚಿಲ್ಲರೆ. ಏನೂ ಹೇಳದೆ ಓದುಗರೇ ತುಂಬಿಕೊಂಡ ನಂಟುಗಳು 16 ಸಾವಿರದಷ್ಟು. ಅಂದರೆ ಷೇರುಪೇಟೆಯ ಸುದ್ದಿಯಲ್ಲೂ ಸರಿಸುಮಾರು ಅರ್ಧದಷ್ಟು ನಂಟು ಮೌನದಲ್ಲೇ ಇದೆ. 2009ರಲ್ಲಿ ಹೈದರಾಬಾದಿನ ಐಐಐಟಿಯವರು ಜೋಶಿಯವರೊಡನೆ ಸೇರಿ ಹಿಂದಿಗೂ ಇಂಥದ್ದನ್ನು ಶುರುಮಾಡಿದರು.

ಕನ್ನಡಕ್ಕೆ ಇದನ್ನು ಕಟ್ಟುವುದಾದರೆ ನನ್ನ ಸಲಹೆ, ಪತ್ರಿಕೆಯ ಬರಹದಿಂದ ಶುರುಮಾಡಬೇಡಿ. ನಾವು ಬರೆಯುವ ಕನ್ನಡ 'ಏಕೆಂದರೆ', 'ಹೀಗಾಗಿ', 'ಮತ್ತೊಂದೆಡೆ'ಗಳಿಂದ ತುಂಬಿದೆ. ಮೌನಕ್ಕೆ ಅಲ್ಲಿ ಜಾಗ ಕಡಿಮೆ. ಪಂಚಾಯ್ತಿ ಕಟ್ಟೆಯ ಮಾತು, ಎಪಿಎಂಸಿ ಹರಾಜಿನ ಮಾತು, ಮದುವೆ ಮನೆಯಲ್ಲಿ ಹೆಂಗಸರು ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪಿಸುವ ಮಾತು, ಇವನ್ನು ಆಡಿದವರ ಒಪ್ಪಿಗೆ ಪಡೆದು, ಹೆಸರು ತೆಗೆದು, ಬರೆದಿಟ್ಟುಕೊಳ್ಳಬೇಕು. ಆಮೇಲೆ ಪ್ರತಿ 'ಬರ್ಲಿಲ್ಲ'ದ ಪಕ್ಕ ಯಾರು ಎಂದು, ಪ್ರತಿ 'ಬಂದು'ವಿನ ಪಕ್ಕ ಆಮೇಲೆಯೋ ಆದ್ದರಿಂದವೋ ಎಂದು ಗುರುತು. ಇದಕ್ಕೆ ಸೂಪರ್ ಕಂಪ್ಯೂಟರ್ ಬೇಡ, ಕನ್ನಡ ಎಂ.ಎ. ಓದುತ್ತಿರುವ, ಮನೆಯಲ್ಲಿ ಇದೇ ಕನ್ನಡ ಆಡುವ ಹುಡುಗ ಹುಡುಗಿಯರು ಬೇಕು, ಅವರ ದುಡಿಮೆಗೆ ಸರಿಯಾದ ಕೂಲಿ ಬೇಕು. ಒಂದೊಂದು ಮಾತನ್ನೂ ಇಬ್ಬರು ಬೇರೆಬೇರೆ ಕೂತು ಗುರುತಿಸಬೇಕು. 'ಮಂಜ ನಾನು ಗೆದ್ದೆ ಅಂದ' ಎಂಬುದಕ್ಕೆ ಪಾವಗಡದವಳು ಒಂದು, ಕಾಸರಗೋಡಿನವನು ಇನ್ನೊಂದು ಉತ್ತರ ಬರೆದರೆ ಒಂದನ್ನು ತಪ್ಪೆಂದು ಅಳಿಸಬಾರದು, ಎರಡನ್ನೂ ಊರಿನ ಹೆಸರಿನ ಸಮೇತ ಉಳಿಸಬೇಕು. ಯಂತ್ರ ಯಾವ ಊರಿನವರ ಹಾಗೆ ಕೇಳಿಸಿಕೊಳ್ಳುತ್ತಿದೆ ಎಂದು ಆಮೇಲೆ ಅದನ್ನೇ ಮುಂದಿಟ್ಟು ಅಳೆಯಬಹುದು.